ನಕಲಿ ದನಿಯ ವಂಚನೆಗೆ ಯಾವ ತಡೆ ಸರಿ? ಮನೆಗೂ ಸಣ್ಣ ವ್ಯವಹಾರಕ್ಕೂ ಒಂದು ಹೋಲಿಕೆ

“ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಅವರ ಫೋನಿಗೆ ಯಾವ ಆ್ಯಪ್ ಹಾಕಿಕೊಡಲಿ?” “ಸೈಬರ್ ವಿಮೆ ಮಾಡಿಸಿದರೆ ಸಾಕಲ್ಲವೇ?” “ಅಂಗಡಿಯ ಲೆಕ್ಕ ನೋಡುವವರಿಗೆ ತರಬೇತಿ ಕೊಡಿಸುವುದು ಒಳ್ಳೆಯದೋ, ಅವರ ಕೈಯಲ್ಲಿರುವ ಬ್ಯಾಂಕ್ ಪಾಸ್‌ವರ್ಡನ್ನೇ ಹಿಂದಕ್ಕೆ ಪಡೆಯುವುದು ಒಳ್ಳೆಯದೋ?” ಕೃತಕ ಬುದ್ಧಿಮತ್ತೆಯಿಂದ ತಯಾರಾದ ನಕಲಿ ದನಿ, ನಕಲಿ ಮುಖಗಳ ಸುದ್ದಿ ಬಂದಾಗಲೆಲ್ಲ ಇಂಥ ಪ್ರಶ್ನೆಗಳು ಏಳುತ್ತವೆ. ಎಲ್ಲವನ್ನೂ ಮಾಡಿ ಎಂದು ಉತ್ತರಿಸುವುದು ಸುಲಭ, ಆದರೆ ಎಲ್ಲವನ್ನೂ ಮಾಡಲು ಹೊರಟವರು ಸಾಮಾನ್ಯವಾಗಿ ಒಂದು ಆ್ಯಪ್ ಹಾಕಿಕೊಂಡು ಸುಮ್ಮನಾಗಿಬಿಡುತ್ತಾರೆ. ಆದ್ದರಿಂದ ನಮ್ಮ ಮುಂದಿರುವ ದಾರಿಗಳನ್ನು ಒಂದೇ ಅಳತೆಗೋಲಿನಿಂದ ಅಳೆದು, ಯಾರಿಗೆ ಯಾವುದು ಮೊದಲು ಬೇಕು, ಯಾವುದು ಆಮೇಲೆ ಆದರೂ ನಡೆಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ಅಳತೆಗೋಲು ಯಾವುದು

2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ ವಾಲ್-ಇ ಎಂಬ ಮಾದರಿಗೆ ಒಬ್ಬರ ದನಿಯನ್ನು ಅನುಕರಿಸಲು 3 ಸೆಕೆಂಡುಗಳ ಧ್ವನಿಮುದ್ರಣ ಸಾಕಾಗಿತ್ತು. ಅದೇ ವರ್ಷದ ಜುಲೈ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನ ನಿವೃತ್ತ ನೌಕರರೊಬ್ಬರು ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲಿ ಹಳೆಯ ಸಹೋದ್ಯೋಗಿಯ ಮುಖ ಕಂಡು, ಆಸ್ಪತ್ರೆಯ ಖರ್ಚಿಗೆಂದು 40,000 ರೂಪಾಯಿ ಕಳುಹಿಸಿದರು. ಮತ್ತೆ 35,000 ಕೇಳಿದಾಗ ಅನುಮಾನ ಬಂದು ನಿಜವಾದ ಗೆಳೆಯನಿಗೆ ತಾವೇ ಫೋನ್ ಮಾಡಿದರು, ಆಗ ಮೋಸ ಬಯಲಾಯಿತು. 2024ರ ಆರಂಭದಲ್ಲಿ ಬೆಳಕಿಗೆ ಬಂದ ಹಾಂಗ್‌ಕಾಂಗ್ ಪ್ರಕರಣ ಇದಕ್ಕಿಂತ ಬಹಳ ದೊಡ್ಡದು. ಬ್ರಿಟನ್ ಮೂಲದ ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಣಕಾಸು ವಿಭಾಗದ ನೌಕರರೊಬ್ಬರಿಗೆ ಮೊದಲು ಬಂದ ಇಮೇಲ್ ನೋಡಿ ಸಂಶಯ ಮೂಡಿತ್ತು. ನಂತರ ನಡೆದ ವಿಡಿಯೊ ಸಭೆಯಲ್ಲಿ ಮುಖ್ಯ ಹಣಕಾಸು ಅಧಿಕಾರಿಯೂ ಪರಿಚಿತ ಸಹೋದ್ಯೋಗಿಗಳೂ ಕಾಣಿಸಿಕೊಂಡದ್ದರಿಂದ ಆ ಸಂಶಯ ಹೋಯಿತು, 15 ಕಂತುಗಳಲ್ಲಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕೈಬಿಟ್ಟಿತು. ಸಭೆಯಲ್ಲಿ ಕಂಡ ಉಳಿದವರೆಲ್ಲರೂ ನಕಲಿ.

ಈ ಎರಡೂ ಪ್ರಕರಣಗಳಲ್ಲಿ ಪಾಸ್‌ವರ್ಡ್ ಕಳುವಾಗಲಿಲ್ಲ, ಬ್ಯಾಂಕಿನ ವ್ಯವಸ್ಥೆಯೊಳಗೆ ಯಾರೂ ನುಗ್ಗಲಿಲ್ಲ. ಹಣದ ಮೇಲೆ ಅಧಿಕಾರವಿದ್ದವರೇ ತಮ್ಮ ಕೈಯಾರೆ ಅದನ್ನು ಕಳುಹಿಸಿದರು. ನನ್ನ ಅಳತೆಗೋಲು ಇಲ್ಲಿಂದಲೇ ಹುಟ್ಟುತ್ತದೆ. ಯಾವುದೇ ತಡೆಯನ್ನು ಆಯ್ದುಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ನಕಲು ಒಂದಿಷ್ಟೂ ದೋಷವಿಲ್ಲದೆ ಬಂದರೂ ಈ ತಡೆ ಕೆಲಸ ಮಾಡುತ್ತದೆಯೇ? ಕರೆ ಬಂದವರು ಒಂಟಿಯಾಗಿ, ಗಾಬರಿಯಲ್ಲಿ ಇರುವಾಗಲೂ ಮಾಡುತ್ತದೆಯೇ? ಅದಕ್ಕೆ ತಗಲುವ ಹಣ ಎಷ್ಟು, ದಿನನಿತ್ಯದ ಕಿರಿಕಿರಿ ಎಷ್ಟು? ಆರು ತಿಂಗಳು ಕಳೆದು ಉತ್ಸಾಹ ಇಳಿದ ಮೇಲೂ ಅದು ಉಳಿದಿರುತ್ತದೆಯೇ? ಎರಡನೆಯ ಪ್ರಶ್ನೆಗೇ ನಾನು ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ವಂಚಕರು ದಾಳಿ ಮಾಡುವುದು ತಿಳಿವಳಿಕೆಯ ಮೇಲೆ ಅನ್ನುವುದಕ್ಕಿಂತ ಸಮಯದ ಮೇಲೆ. ಯೋಚಿಸಲು ಹತ್ತು ನಿಮಿಷ ಸಿಕ್ಕಿದ್ದರೆ ಈ ಮೋಸಗಳಲ್ಲಿ ಹೆಚ್ಚಿನವು ಅಲ್ಲಿಯೇ ಮುರಿದುಬೀಳುತ್ತಿದ್ದವು.

ಕಣ್ಣು ಕಿವಿಗಳನ್ನು ನಂಬುವುದು

ತುಟಿಯ ಚಲನೆ ಮಾತಿಗೆ ಹೊಂದುತ್ತಿಲ್ಲವೇ ನೋಡಿ, ಮುಖದ ಮುಂದೆ ಕೈ ಆಡಿಸಲು ಹೇಳಿ, ಉಸಿರಿನ ಶಬ್ದ ಕೇಳಿಸಿಕೊಳ್ಳಿ ಎಂಬ ಸಲಹೆಗಳು ಎಲ್ಲೆಡೆ ಸಿಗುತ್ತವೆ. ಖರ್ಚಿಲ್ಲದ ದಾರಿ ಎಂಬುದೇನೋ ನಿಜ. ಆದರೆ ಮೊದಲ ಎರಡು ಪ್ರಶ್ನೆಗಳಲ್ಲಿಯೇ ಇದು ಸೋಲುತ್ತದೆ. ಈ ಸುಳಿವುಗಳು ಇಂದಿನ ತಂತ್ರಜ್ಞಾನದ ಕೊರತೆಗಳಾಗಿದ್ದು, ಕೊರತೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕನ್ನಡದವರಿಗೆ ಒಂದು ಸಣ್ಣ ಅನುಕೂಲ ಇರಬಹುದು. ಮನೆಯಲ್ಲಿ ಧಾರವಾಡದ ಕನ್ನಡವನ್ನೋ ಹವ್ಯಕ ಕನ್ನಡವನ್ನೋ ತುಳುವನ್ನೋ ಆಡುವ ಮಗ ಇದ್ದಕ್ಕಿದ್ದಂತೆ ವಾರ್ತೆ ಓದುವವರ ಶೈಲಿಯಲ್ಲಿ ಮಾತಾಡಿದರೆ ತಾಯಿಗೆ ಏನೋ ಸರಿಯಿಲ್ಲ ಅನ್ನಿಸುವುದು ಸಹಜ. ಆದರೆ ಅಪಘಾತವಾಗಿದೆ, ಪೊಲೀಸರು ಹಿಡಿದಿದ್ದಾರೆ ಎಂದು ಅಳುವ ದನಿ ಕೇಳಿಸುತ್ತಿರುವಾಗ ಭಾಷೆಯ ಧಾಟಿಯನ್ನು ಪರೀಕ್ಷಿಸುವಷ್ಟು ಸಮಾಧಾನ ಯಾವ ತಾಯಿಗೆ ಇರುತ್ತದೆ? ಸುಳಿವುಗಳನ್ನು ತಿಳಿದಿರುವುದರಲ್ಲಿ ತಪ್ಪಿಲ್ಲ. ಅದನ್ನೇ ರಕ್ಷಣೆ ಎಂದುಕೊಂಡರೆ, “ನನಗೆ ಗೊತ್ತಾಗುತ್ತದೆ ಬಿಡಿ” ಎಂಬ ಧೈರ್ಯವೇ ಮುಳುವಾಗುತ್ತದೆ.

ಆ್ಯಪ್‌ಗಳು ಮತ್ತು ಕರೆ ಜರಡಿಗಳು

ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಅಪರಿಚಿತ ಕರೆಗಳನ್ನು ಸೋಸುವಂಥದ್ದು. 2024ರ ಸೆಪ್ಟೆಂಬರಿನಿಂದ ಏರ್‌ಟೆಲ್ ತನ್ನ ಜಾಲದಲ್ಲಿಯೇ ಅನುಮಾನಾಸ್ಪದ ಕರೆಗಳಿಗೆ ಎಚ್ಚರಿಕೆ ತೋರಿಸುತ್ತಿದೆ, ಟ್ರೂಕಾಲರ್‌ನಂಥ ಆ್ಯಪ್‌ಗಳು ಬಹಳ ಹಿಂದಿನಿಂದಲೂ ಇವೆ, ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತ ಕರೆಗಳನ್ನು ಮೌನಗೊಳಿಸುವ ಸೌಲಭ್ಯ 2023ರಿಂದ ಇದೆ. ಈ ಕೊನೆಯದನ್ನು ಹಿರಿಯರ ಫೋನಿನಲ್ಲಿ ಇಂದೇ ಚಾಲೂ ಮಾಡಬಹುದು. ಖರ್ಚಿಲ್ಲ, ಒಮ್ಮೆ ಮಾಡಿದರೆ ಉಳಿಯುತ್ತದೆ, ಬರುವ ಕರೆಗಳ ಸಂಖ್ಯೆಯನ್ನು ಇಳಿಸುತ್ತದೆ. ಬ್ಯಾಂಕಿನ ವ್ಯವಹಾರ ಸಂಬಂಧಿ ಕರೆಗಳಿಗೆ 1600 ಸರಣಿಯ ಸಂಖ್ಯೆಗಳನ್ನು ಮೀಸಲಿಟ್ಟಿರುವುದೂ ನೆನಪಿಡಬೇಕಾದ ವಿಷಯ: ಹತ್ತಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬ್ಯಾಂಕಿನ ಹೆಸರು ಹೇಳಿ ಯಾರಾದರೂ ಮಾತಾಡಿದರೆ ಮುಂದುವರಿಸದೆ ಇಟ್ಟುಬಿಡುವುದು ಒಳ್ಳೆಯದು. ಜರಡಿಗೂ ಮಿತಿ ಇದೆ. ಪರಿಚಿತರ ವಾಟ್ಸ್‌ಆ್ಯಪ್ ಖಾತೆಯನ್ನೇ ಕಬಳಿಸಿ ಅಲ್ಲಿಂದ ಧ್ವನಿ ಸಂದೇಶ ಕಳುಹಿಸಿದರೆ ಅದು ಪರಿಚಿತರ ಹೆಸರಿನಲ್ಲಿಯೇ ಬರುತ್ತದೆ.

ಎರಡನೆಯ ಬಗೆ, ವಿಡಿಯೊ ಅಥವಾ ಧ್ವನಿ ನಕಲಿಯೇ ಎಂದು ಪರೀಕ್ಷಿಸುವ ಸಾಧನಗಳು. ಹಲವು ಬಾರಿ ಕುಗ್ಗಿಸಿ ಫಾರ್ವರ್ಡ್ ಆದ ಕಡತಗಳಲ್ಲಿ ಇವು ಎಡವುತ್ತವೆ, ಮೇಲಾಗಿ ಕರೆ ನಡೆಯುತ್ತಿರುವಾಗ ಯಾರೂ ಪರೀಕ್ಷೆಗೆ ಕೂರುವುದಿಲ್ಲ. 2024ರ ಮಾರ್ಚ್‌ನಲ್ಲಿ ಸುಳ್ಳುಸುದ್ದಿ ತಡೆಯುವ ಸಂಸ್ಥೆಗಳ ಒಕ್ಕೂಟವಾದ ಮಿಸ್‌ಇನ್‌ಫರ್ಮೇಶನ್ ಕಾಂಬ್ಯಾಟ್ ಅಲಯನ್ಸ್ ಆರಂಭಿಸಿದ ಡೀಪ್‌ಫೇಕ್ಸ್ ಅನಾಲಿಸಿಸ್ ಯೂನಿಟ್‌ಗೆ ಅನುಮಾನದ ವಿಡಿಯೊಗಳನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸಬಹುದು. ಖ್ಯಾತನಾಮರ ಮುಖವಿಟ್ಟು ಹೂಡಿಕೆಗೆ ಕರೆಯುವ ವಿಡಿಯೊಗಳಿಗೆ ಇದು ಉಪಯುಕ್ತ. ಆರಂಭದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಿಗೆ ನೆರವು ಪ್ರಕಟವಾಗಿತ್ತು, ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಣ ಕೊಟ್ಟು ಕೊಳ್ಳುವ ಪತ್ತೆ ತಂತ್ರಾಂಶಗಳು ದೊಡ್ಡ ಬ್ಯಾಂಕು, ಕಾಲ್ ಸೆಂಟರುಗಳಿಗೆ ಸರಿ. ಇಪ್ಪತ್ತು ಜನರ ಕಚೇರಿ ಅದಕ್ಕೆ ವರ್ಷದ ಚಂದಾ ಕಟ್ಟುವುದು ನನ್ನ ದೃಷ್ಟಿಯಲ್ಲಿ ದಂಡ.

ತಿರುಗಿ ಕರೆ ಮಾಡುವುದು ಮತ್ತು ಮನೆಯ ಗುಟ್ಟಿನ ಮಾತು

ಮೊದಲ ಪ್ರಶ್ನೆಗೆ ಪೂರ್ತಿ ಅಂಕ ಪಡೆಯುವ ದಾರಿ ಇದು. ದನಿ ಎಷ್ಟೇ ನಿಖರವಾಗಿರಲಿ, ಮನೆಯವರಷ್ಟೇ ಬಲ್ಲ ಮಾತು ವಂಚಕನಿಗೆ ಗೊತ್ತಿರುವುದಿಲ್ಲ. ಅಮೆರಿಕದ ಎಫ್‌ಬಿಐ 2024ರ ಡಿಸೆಂಬರಿನಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಕುಟುಂಬದೊಳಗೆ ಒಂದು ಗುಪ್ತಪದ ಇಟ್ಟುಕೊಳ್ಳಿ ಎಂದು ಸೂಚಿಸಿತ್ತು. ಅದಕ್ಕೂ ಮುನ್ನ, ಅದೇ ವರ್ಷದ ಜುಲೈನಲ್ಲಿ, ಫೆರಾರಿ ಕಂಪನಿಯ ಅಧಿಕಾರಿಯೊಬ್ಬರಿಗೆ ಮುಖ್ಯಸ್ಥರ ದನಿಯಲ್ಲಿ ಕರೆ ಬಂದಿತ್ತು. ದಕ್ಷಿಣ ಇಟಲಿಯ ಉಚ್ಚಾರಣೆ ಕೂಡ ಹೊಂದುತ್ತಿತ್ತು. ಆ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಕೆಲವು ದಿನಗಳ ಹಿಂದೆ ನೀವು ನನಗೆ ಓದಲು ಹೇಳಿದ ಪುಸ್ತಕ ಯಾವುದು? ಕರೆ ಅಲ್ಲಿಗೇ ಕಡಿದುಹೋಯಿತು.

ನನ್ನ ಅನಿಸಿಕೆಯಲ್ಲಿ ಗುಪ್ತಪದಕ್ಕಿಂತ ಪ್ರಶ್ನೆ ಮೇಲು. ವರ್ಷಕ್ಕೊಮ್ಮೆಯೂ ಬಳಸದ ಪದವನ್ನು ಎಪ್ಪತ್ತರ ವಯಸ್ಸಿನವರು ಮರೆಯುತ್ತಾರೆ, ಅಥವಾ ಮರೆಯಬಾರದೆಂದು ಫೋನಿನಲ್ಲಿಯೇ ಬರೆದಿಡುತ್ತಾರೆ. “ಅಜ್ಜನ ಮನೆಯ ಹಸುವಿಗೆ ಏನೆಂದು ಕರೆಯುತ್ತಿದ್ದೆವು?” ಎಂಬಂಥ ಪ್ರಶ್ನೆಗೆ ನೆನಪಿನ ಶ್ರಮವಿಲ್ಲ. ಫೇಸ್‌ಬುಕ್ ಫೋಟೊಗಳಿಂದ ಊಹಿಸಬಹುದಾದ ಊರು, ಶಾಲೆ, ಹುಟ್ಟಿದ ದಿನಗಳನ್ನು ಮಾತ್ರ ಬಿಡಬೇಕು.

ಪ್ರಶ್ನೆ ಕೇಳಲೂ ಸಂಕೋಚ ಪಡುವವರಿಗೆ ಇನ್ನೂ ಸರಳವಾದ ನಿಯಮ ಒಂದಿದೆ: ಹಣದ ಮಾತು ಬಂದ ಕೂಡಲೇ ಫೋನ್ ಇಡುವುದು, ನಮ್ಮಲ್ಲಿರುವ ಹಳೆಯ ಸಂಖ್ಯೆಗೆ ನಾವೇ ಸಾಮಾನ್ಯ ಕರೆ ಮಾಡುವುದು. ವಾಟ್ಸ್‌ಆ್ಯಪ್ ಕರೆ ಬೇಡ. ಬಂದ ಕರೆಯಲ್ಲಿ ಪರಿಚಿತ ಸಂಖ್ಯೆಯೇ ಕಂಡರೂ ಈ ನಿಯಮ ತಪ್ಪಿಸಬಾರದು, ತೆರೆಯ ಮೇಲೆ ಕಾಣುವ ಸಂಖ್ಯೆಯನ್ನೂ ನಕಲು ಮಾಡಲು ಬರುತ್ತದೆ. “ನನ್ನ ಫೋನ್ ಒಡೆದಿದೆ, ಗೆಳೆಯನ ಫೋನಿನಿಂದ ಮಾತಾಡುತ್ತಿದ್ದೇನೆ” ಎಂಬ ಮಾತು ವಂಚಕರ ಬಾಯಲ್ಲಿ ಸಿದ್ಧವಾಗಿರುತ್ತದೆ. ಹಾಗಾಗಿ ಮೂರನೆಯವರ ಹೆಸರೊಂದನ್ನು ಮೊದಲೇ ಗೊತ್ತುಮಾಡಿರಬೇಕು: ಸೊಸೆ, ಅಳಿಯ, ಅದೇ ಊರಿನಲ್ಲಿರುವ ಸೋದರಮಾವ, ಯಾರಾದರೂ ಸರಿ.

ಈ ದಾರಿಯ ಮಿತಿಯನ್ನೂ ಹೇಳಬೇಕು. ಪರಿಚಿತರಂತೆ ನಟಿಸುವ ಮೋಸಕ್ಕೆ ಮಾತ್ರ ಇದು ಮದ್ದು. ಸಿಬಿಐ ಅಧಿಕಾರಿಯ ವೇಷದಲ್ಲಿ ವಿಡಿಯೊ ಕರೆಯ ಮುಂದೆಯೇ ಗಂಟೆಗಟ್ಟಲೆ ಕೂರಿಸಿಕೊಳ್ಳುವ ಡಿಜಿಟಲ್ ಅರೆಸ್ಟ್‌ಗೆ ಮನೆಯ ಗುಟ್ಟು ಉಪಯೋಗಕ್ಕೆ ಬಾರದು. ನಮ್ಮ ಯಾವ ಕಾನೂನಿನಲ್ಲಿಯೂ ಅಂಥದ್ದೊಂದು ಬಂಧನವಿಲ್ಲ ಎಂದು ಪ್ರಧಾನಿಯವರೇ 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ಹೇಳಿದ್ದರೂ ಬೆದರುವವರು ಬೆದರುತ್ತಾರೆ. ಷೇರು ವಹಿವಾಟಿನ ಆಮಿಷಕ್ಕೂ ಇದು ತಡೆಯಲ್ಲ. ಎನ್. ಆರ್. ನಾರಾಯಣಮೂರ್ತಿಯವರು ತಮ್ಮ ಹೆಸರು, ಮುಖ ಬಳಸಿದ ಇಂಥ ಜಾಹೀರಾತು ವಿಡಿಯೊಗಳು ನಕಲಿ ಎಂದು 2023ರ ಡಿಸೆಂಬರಿನಲ್ಲಿಯೇ ಬಹಿರಂಗವಾಗಿ ತಿಳಿಸಬೇಕಾಯಿತು. ಹೂಡಿಕೆಯ ಮೋಸಕ್ಕೆ ಬೇರೆಯದೇ ಪರೀಕ್ಷೆ ಇದೆ: 2025ರ ಅಕ್ಟೋಬರಿನಿಂದ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತ ಸಂಸ್ಥೆಗಳಿಗೆ ‘ವ್ಯಾಲಿಡ್’ ಎಂಬ ಪದವಿರುವ ಪ್ರತ್ಯೇಕ ಯುಪಿಐ ವಿಳಾಸಗಳು ಸಿಗುತ್ತಿವೆ, ಖಾತೆಯ ವಿವರವನ್ನು ಸೆಬಿ ಚೆಕ್ ಎಂಬ ಸೌಲಭ್ಯದಲ್ಲಿ ಹಾಕಿ ನೋಡಬಹುದು.

ಹಣ ಹೊರಡುವ ಬಾಗಿಲಿಗೆ ಅಗುಳಿ

ಮೇಲಿನ ಮೂರೂ ದಾರಿಗಳು ಮನುಷ್ಯ ಸರಿಯಾಗಿ ಯೋಚಿಸುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿವೆ. ನಾಲ್ಕನೆಯ ದಾರಿ, ಆತ ಪೂರ್ತಿ ಮೋಸಹೋದ ಮೇಲೂ ಹಣ ಕೂಡಲೇ ಹೋಗದಂತೆ ನೋಡಿಕೊಳ್ಳುತ್ತದೆ. ಹೊಸದೇನೂ ಕೊಳ್ಳಬೇಕಿಲ್ಲ, ಬ್ಯಾಂಕಿನಲ್ಲಿ ಇರುವ ಸೌಲಭ್ಯಗಳನ್ನು ಹೊಂದಿಸಿಕೊಂಡರೆ ಸಾಕು. ನನ್ನ ಆಯ್ಕೆಯಲ್ಲಿ ಮೊದಲ ಸ್ಥಾನ ಇದಕ್ಕೆ.

ಮನೆಯ ಮಟ್ಟಿಗೆ ಹೇಳುವುದಾದರೆ, ಯುಪಿಐಗೆ ಒಂದು ಸಣ್ಣ ಖಾತೆ ಇರಲಿ, ಅದರಲ್ಲಿ ತಿಂಗಳ ಖರ್ಚಿನಷ್ಟು ಹಣ ಮಾತ್ರ ಇರಲಿ. ಪಿಂಚಣಿ, ಉಳಿತಾಯ, ಠೇವಣಿಗಳಿರುವ ದೊಡ್ಡ ಖಾತೆಗೆ ಯುಪಿಐ ಜೋಡಿಸುವುದೇ ಬೇಡ. ಆ ಖಾತೆಯ ನೆಟ್ ಬ್ಯಾಂಕಿಂಗನ್ನು ಬಾಕಿ ನೋಡುವುದಕ್ಕಷ್ಟೇ ಸೀಮಿತಗೊಳಿಸುವ ಅವಕಾಶವನ್ನು ಎಸ್‌ಬಿಐ ಸೇರಿದಂತೆ ಕೆಲವು ಬ್ಯಾಂಕುಗಳು ಕೊಡುತ್ತವೆ. ವರ್ಗಾವಣೆಯ ದಿನದ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಇಳಿಸಬಹುದು. ಅದನ್ನು ಮತ್ತೆ ಏರಿಸುವುದೂ ನಮ್ಮದೇ ಕೈಯಲ್ಲಿರುವುದರಿಂದ, ಗಂಟೆಗಟ್ಟಲೆ ಕರೆಯಲ್ಲಿ ಹಿಡಿದಿಟ್ಟವನು ಏರಿಸುವಂತೆಯೂ ಮಾಡಿಸಬಲ್ಲ ಎಂಬುದು ಇದರ ದೌರ್ಬಲ್ಯ.

ಹೆಚ್ಚು ಗಮನ ಬೇಕಾದದ್ದು ಎಫ್‌ಡಿಗೆ. ಮೊದಲೆಲ್ಲ ಠೇವಣಿ ಮುರಿಸಲು ರಸೀದಿ ಹಿಡಿದು ಶಾಖೆಗೆ ಹೋಗಬೇಕಿತ್ತು, ಕೌಂಟರಿನವರು “ಯಾಕೆ ಸಾರ್, ಇಷ್ಟು ಬೇಗ?” ಎಂದು ಕೇಳುತ್ತಿದ್ದರು. ಈಗ ಆನ್‌ಲೈನ್‌ನಲ್ಲಿ ತೆರೆದ ಎಫ್‌ಡಿ ಕೆಲವೇ ನಿಮಿಷಗಳಲ್ಲಿ ಮುರಿದು ಉಳಿತಾಯ ಖಾತೆಗೆ ಬಂದು ಬೀಳುತ್ತದೆ, ಕೇಳುವವರಿಲ್ಲ. ಡಿಜಿಟಲ್ ಅರೆಸ್ಟ್‌ನಂಥ ಪ್ರಕರಣಗಳಲ್ಲಿ ಅನುಮಾನಗೊಂಡ ಶಾಖೆಯ ಸಿಬ್ಬಂದಿಯೇ ಹಿರಿಯರ ಹಣ ಉಳಿಸಿದ ಉದಾಹರಣೆಗಳು ಹಲವು ವರದಿಯಾಗಿವೆ. ಕೌಂಟರಿನ ಆ ಪ್ರಶ್ನೆಯನ್ನು ಮರಳಿ ತರಬೇಕೆಂದರೆ, ದೊಡ್ಡ ಠೇವಣಿಯನ್ನು ಗಂಡ ಹೆಂಡತಿಯ ಜಂಟಿ ಹೆಸರಿನಲ್ಲಿ, ಮುರಿಸಲು ಇಬ್ಬರ ಸಹಿಯೂ ಬೇಕೆಂಬ ಷರತ್ತಿನೊಂದಿಗೆ ಶಾಖೆಯಲ್ಲಿಯೇ ಇಡಬಹುದು. ಬ್ಯಾಂಕಿನವರು ಸಾಮಾನ್ಯವಾಗಿ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ನಮೂನೆಗೇ ಗುರುತು ಹಾಕಿಸುತ್ತಾರೆ, ಬೇಕಾದದ್ದನ್ನು ನಾವೇ ಕೇಳಿ ಪಡೆಯಬೇಕು.

ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ನಡುರಾತ್ರಿ ಆಸ್ಪತ್ರೆಗೆ ಸೇರಿಸಬೇಕಾದರೆ ಆ ಹಣ ಕೈಗೆ ಸಿಗುವುದಿಲ್ಲ. ಒಬ್ಬರು ಹಾಸಿಗೆ ಹಿಡಿದರೆ ಸಹಿಯ ತೊಂದರೆ, ಒಬ್ಬರು ತೀರಿಕೊಂಡರೆ ಕಾಗದಪತ್ರದ ಓಡಾಟ. ಆದ್ದರಿಂದ ಎಲ್ಲ ಠೇವಣಿಗಳಿಗೂ ಈ ಷರತ್ತು ಹಾಕಬಾರದು. ಎರಡು ಮೂರು ತಿಂಗಳ ಖರ್ಚು ಹಾಗೂ ಆಸ್ಪತ್ರೆಯ ಮುಂಗಡದಷ್ಟು ಮೊತ್ತವನ್ನು ಸುಲಭವಾಗಿ ಸಿಗುವಲ್ಲಿ ಇಟ್ಟು, ಕಳೆದರೆ ಜೀವನವೇ ಏರುಪೇರಾಗುವ ಮೊತ್ತಕ್ಕೆ ಮಾತ್ರ ಅಗುಳಿ ಹಾಕಬೇಕು, ನಾಮಿನಿಯ ಹೆಸರನ್ನು ತಪ್ಪದೆ ನಮೂದಿಸಬೇಕು.

ವ್ಯವಹಾರಕ್ಕೆ ಬಂದರೆ ಇದೇ ತತ್ವ ಇಬ್ಬರ ಒಪ್ಪಿಗೆಯ ರೂಪ ತಾಳುತ್ತದೆ. ಚಾಲ್ತಿ ಖಾತೆಯ ಕಾರ್ಪೊರೇಟ್ ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಪಾವತಿ ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ಮೇಕರ್-ಚೆಕರ್ ವ್ಯವಸ್ಥೆ ಇರುತ್ತದೆ. ಹಲವು ಸಣ್ಣ ಸಂಸ್ಥೆಗಳಲ್ಲಿ ಎರಡೂ ಪಾಸ್‌ವರ್ಡುಗಳು ಒಂದೇ ಮೇಜಿನ ಖಾನೆಯಲ್ಲಿರುತ್ತವೆ ಎಂಬುದು ಬೇರೆ ಮಾತು. ಒಂದು ಶನಿವಾರ ಸಂಜೆಯನ್ನು ಊಹಿಸಿಕೊಳ್ಳಿ. ಮಾಲೀಕರು ಹುಬ್ಬಳ್ಳಿಯ ಮದುವೆಮನೆಯಲ್ಲಿದ್ದಾರೆಂದು ಅವರ ವಾಟ್ಸ್‌ಆ್ಯಪ್ ಸ್ಟೇಟಸ್ಸೇ ಹೇಳುತ್ತಿದೆ. ಲೆಕ್ಕ ನೋಡುವವರಿಗೆ ಅವರದೇ ದನಿಯಲ್ಲಿ ಸಂದೇಶ ಬರುತ್ತದೆ: “ಸೂರತ್ ಪಾರ್ಟಿ ಅಕೌಂಟ್ ನಂಬರ್ ಬದಲಾಗಿದೆಯಂತೆ, ಹೊಸದಕ್ಕೆ ನಾಲ್ಕು ಲಕ್ಷ ಹಾಕಿಬಿಡು, ಇಲ್ಲಿ ಗದ್ದಲ, ಆಮೇಲೆ ಮಾತಾಡ್ತೀನಿ.” ಮಾಲೀಕರು ವರ್ಷಗಳಿಂದ ಹೀಗೆಯೇ ಧ್ವನಿ ಸಂದೇಶದಲ್ಲಿ ಪಾವತಿ ಮಾಡಿಸುತ್ತ ಬಂದಿದ್ದರೆ ಆ ನೌಕರರನ್ನು ದೂಷಿಸುವಂತಿಲ್ಲ. ಇಲ್ಲಿ ತಿದ್ದಿಕೊಳ್ಳಬೇಕಾದವರು ಮಾಲೀಕರು. ಪೂರೈಕೆದಾರರ ಖಾತೆ ಬದಲಾದರೆ ಹಳೆಯ ಬಿಲ್ಲಿನಲ್ಲಿರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವವರೆಗೆ ಹಣ ಹೋಗಬಾರದು, ಒಂದು ಮೊತ್ತಕ್ಕಿಂತ ಮೇಲಿನ ಪಾವತಿಗೆ ಇಬ್ಬರ ಒಪ್ಪಿಗೆ ಇಲ್ಲದಿದ್ದರೆ ಮಾಲೀಕರು ಬೈದರೂ ಹಣ ಹೋಗಬಾರದು, ತಡಮಾಡಿದ್ದಕ್ಕಾಗಿ ಯಾರಿಗೂ ಬೈಗುಳ ಸಿಗಬಾರದು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ವರ್ಗಾವಣೆಗೆ ಮುನ್ನ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು ಬ್ಯಾಂಕುಗಳು ಒದಗಿಸಬೇಕಾಗಿದೆ. ಪೂರೈಕೆದಾರರ ಹೆಸರಿನ ಬದಲು ಬೇರೆ ಯಾವುದೋ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಬಹುದು.

ವಿಮೆ, ದೂರು, ಹಣ ಹೋದ ಮೇಲಿನ ದಾರಿಗಳು

ವೈಯಕ್ತಿಕ ಸೈಬರ್ ವಿಮೆಯನ್ನು ಹಲವು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತಿವೆ. ಪ್ರೀಮಿಯಂ ನೋಡಿ ನಿರ್ಧರಿಸುವುದಕ್ಕಿಂತ ಪಾಲಿಸಿಯ ಹೊರಗಿಟ್ಟ ಸಂಗತಿಗಳ ಪುಟ ನೋಡಿ ನಿರ್ಧರಿಸುವುದು ಮೇಲು. ಪಾಲಿಸಿದಾರರೇ ಮೋಸಹೋಗಿ ಸ್ವತಃ ಕಳುಹಿಸಿದ ಹಣಕ್ಕೆ ರಕ್ಷಣೆ ಇದೆಯೇ, ಇದ್ದರೆ ಅದಕ್ಕೆ ಒಳಮಿತಿ ಎಷ್ಟು, ಹೂಡಿಕೆಯ ಹೆಸರಿನ ನಷ್ಟ ಸೇರಿದೆಯೇ, ಎಷ್ಟು ದಿನಗಳೊಳಗೆ ತಿಳಿಸಬೇಕು ಎಂಬ ನಾಲ್ಕಕ್ಕೆ ಬರಹದಲ್ಲಿ ಉತ್ತರ ಸಿಗದಿದ್ದರೆ ಪಾಲಿಸಿ ಬೇಡ. ಸಂಸ್ಥೆಗಳ ಪಾಲಿಸಿಯಲ್ಲಿ ಸೋಷಿಯಲ್ ಎಂಜಿನಿಯರಿಂಗ್ (ಅಂದರೆ ನಂಬಿಸಿ ಮಾಡುವ ಮೋಸ) ಎಂಬ ಹೆಸರಿನ ರಕ್ಷಣೆ ಎಷ್ಟೋ ಬಾರಿ ಪ್ರತ್ಯೇಕ ಸೇರ್ಪಡೆಯಾಗಿರುತ್ತದೆ. ಅದಿಲ್ಲದ ಸೈಬರ್ ಪಾಲಿಸಿ ಮೇಲಿನ ಶನಿವಾರದ ಸಂಜೆಗೆ ನೆರವಾಗುವುದು ಅನುಮಾನ.

ಬ್ಯಾಂಕೇ ಭರಿಸುತ್ತದೆ ಎಂಬ ಭರವಸೆಯೂ ಬೇಡ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ, ಗ್ರಾಹಕರ ಮತ್ತು ಬ್ಯಾಂಕಿನ ತಪ್ಪಿಲ್ಲದೆ ನಡೆದ ಅನಧಿಕೃತ ವಹಿವಾಟನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಎನ್ನುತ್ತದೆ. ಗುಪ್ತ ವಿವರಗಳನ್ನು ಗ್ರಾಹಕರೇ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ಇನ್ನು ಪಿನ್ ಒತ್ತಿ ನಾವೇ ಕಳುಹಿಸಿದ ಹಣವನ್ನು ಅನಧಿಕೃತ ಎಂದು ಸಾಧಿಸುವುದು ಕಷ್ಟ.

1930 ಸಹಾಯವಾಣಿ ಮಾತ್ರ ಯಾರೂ ಬಿಡುವಂತಿಲ್ಲದ ದಾರಿ. ಅಲ್ಲಿ ದಾಖಲಾದ ದೂರು ಹಣ ಹೋದ ಬ್ಯಾಂಕಿಗೆ ತಲುಪಿ, ಇನ್ನೂ ಖಾತೆಯಲ್ಲಿ ಉಳಿದಿರುವ ಮೊತ್ತಕ್ಕೆ ತಡೆ ಬೀಳುತ್ತದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ವೇಗ ನೋಡಿದರೆ, ಮನೆಯವರಿಗೆ ಗೊತ್ತಾದರೆ ಏನೆನ್ನುತ್ತಾರೋ ಎಂದು ಅರ್ಧ ದಿನ ಕೂತವರಿಗೆ ಸಿಗುವುದು ಬಹಳ ಕಡಿಮೆ. ಕರೆ ಮಾಡುವಾಗ ವಹಿವಾಟಿನ ಗುರುತು ಸಂಖ್ಯೆ (ಯುಟಿಆರ್), ಮೊತ್ತ, ಸಮಯ ಕೈಯಲ್ಲಿರಬೇಕು. ಆನಂತರ ಹತ್ತಿರದ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಹೋಗಬಹುದು.

ಯಾರಿಗೆ ಯಾವುದು

ಒಂಟಿಯಾಗಿ ಇರುವ ಹಿರಿಯರಿಗೆ, ಕೈಯಲ್ಲಿ ಹೆಚ್ಚು ಹಣವಿರಲಿ ಇಲ್ಲದಿರಲಿ, ಬ್ಯಾಂಕಿನ ಅಗುಳಿಯೇ ಮೊದಲು. ಅದರ ಜೊತೆಗೆ ವಾಟ್ಸ್‌ಆ್ಯಪ್‌ನ ಮೌನ ಸೌಲಭ್ಯ ಮತ್ತು ತಿರುಗಿ ಕರೆ ಮಾಡುವ ನಿಯಮ, ಅಷ್ಟೇ ಸಾಕು. ಹೆಚ್ಚು ಹೇಳಿದಷ್ಟೂ ಅವರು ಏನನ್ನೂ ನೆನಪಿಡುವುದಿಲ್ಲ. ದುಡಿಯುವ ವಯಸ್ಸಿನ ದಂಪತಿಗೆ ದಿನವಿಡೀ ಯುಪಿಐ ಬೇಕು, ಹಾಗಾಗಿ ಅವರು ಎರಡು ಖಾತೆಗಳ ಪದ್ಧತಿ ಹಾಗೂ ಮನೆಯ ಪ್ರಶ್ನೆಯಿಂದ ಆರಂಭಿಸಲಿ. ಷೇರು, ಕ್ರಿಪ್ಟೊ ಗುಂಪುಗಳಲ್ಲಿ ಇರುವವರಾದರೆ, ಒಂದು ಮೊತ್ತದ ಮೇಲಿನ ಯಾವ ಹೂಡಿಕೆಯನ್ನೂ ಇನ್ನೊಬ್ಬರಿಗೆ ತಿಳಿಸದೆ ಮಾಡುವುದಿಲ್ಲ ಎಂಬ ಒಪ್ಪಂದ ಬೇರೆಲ್ಲಕ್ಕಿಂತ ಹೆಚ್ಚು ಫಲ ಕೊಡುತ್ತದೆ. ವಾರಗಟ್ಟಲೆ ನಡೆಯುವ ಆ ಮೋಸಕ್ಕೆ ಬ್ಯಾಂಕಿನ ಮಿತಿ ಬರೀ ತೊಡಕು, ತಡೆಯಾಗುವುದಿಲ್ಲ.

ಒಬ್ಬರೇ ನಡೆಸುವ ಅಂಗಡಿಗೆ ಖರ್ಚು ಮಾಡಬೇಕಾದದ್ದೇನೂ ಇಲ್ಲ, ಖಾತೆ ಬದಲಾವಣೆಯ ನಿಯಮ ಮತ್ತು ಹೆಸರು ನೋಡುವ ಅಭ್ಯಾಸ ಸಾಕು. ಹತ್ತರಿಂದ ಐವತ್ತು ಜನರ ಸಂಸ್ಥೆ ಮೇಕರ್-ಚೆಕರನ್ನು ನಿಜವಾಗಿ ಇಬ್ಬರ ಕೈಗೆ ಕೊಟ್ಟು, ಆಮೇಲೆ ಹಣ ಉಳಿದರೆ ವಿಮೆಯ ಮಾತು ಎತ್ತಲಿ. ವರ್ಷಕ್ಕೊಂದು ತರಬೇತಿ ಶಿಬಿರಕ್ಕಿಂತ, ಮಾಲೀಕರೇ ಹೇಳಿಸಿದ ನಕಲಿ ಸಂದೇಶವೊಂದನ್ನು ಲೆಕ್ಕದವರಿಗೆ ಕಳುಹಿಸಿ ಏನಾಗುತ್ತದೆ ಎಂದು ನೋಡುವುದು ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು. ಐವತ್ತಕ್ಕಿಂತ ದೊಡ್ಡ ಸಂಸ್ಥೆಗೆ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ 2022ರ ನಿರ್ದೇಶನದ ಅರಿವಿರುವವರು ಒಬ್ಬರಾದರೂ ಇರಬೇಕು.

ಡಲ್ಲಾಸ್‌ನಲ್ಲೋ ದುಬೈನಲ್ಲೋ ಇರುವ ಮಕ್ಕಳಿಗೆ ತೊಡಕು ಇನ್ನೊಂದು ಬಗೆಯದು. ಇಲ್ಲಿಯ ಮಧ್ಯಾಹ್ನ ಅಮೆರಿಕದಲ್ಲಿ ನಡುರಾತ್ರಿಯಾಗಿರುವುದರಿಂದ ತಾಯಿ ತಿರುಗಿ ಮಾಡಿದ ಕರೆಯನ್ನು ಯಾರೂ ಎತ್ತದಿರಬಹುದು, ವಂಚಕನಿಗೂ ಅದು ಗೊತ್ತು. ಅವರು ರಾತ್ರಿಯೂ ಸದ್ದು ಮಾಡುವಂತೆ ತಾಯಿಯ ಸಂಖ್ಯೆಗೆ ಫೋನಿನಲ್ಲಿ ವಿನಾಯಿತಿ ಕೊಟ್ಟಿರಬೇಕು, ಊರಿನಲ್ಲಿರುವ ಮೂರನೆಯವರೊಬ್ಬರನ್ನು ಒಪ್ಪಿಸಿರಬೇಕು, ಬ್ಯಾಂಕಿನ ಇಮೇಲ್ ಎಚ್ಚರಿಕೆಗಳು ತಮಗೂ ಬರುವಂತೆ ಮಾಡಿಕೊಳ್ಳಬೇಕು. ಠೇವಣಿಯ ಷರತ್ತು ಬದಲಿಸುವ ಕೆಲಸಕ್ಕೆ ಅಪ್ಪ ಅಮ್ಮ ಇಬ್ಬರೂ ಶಾಖೆಯಲ್ಲಿ ಸಹಿ ಹಾಕಬೇಕಾಗುವುದರಿಂದ, ಮುಂದಿನ ರಜೆಯಲ್ಲಿ ಬಂದಾಗ ಅದಕ್ಕೆಂದೇ ಅರ್ಧ ದಿನ ತೆಗೆದಿಟ್ಟು ಜೊತೆಗೆ ಹೋಗಿ ಬರುವುದು ಒಳ್ಳೆಯದು.